ಸಡಿಲವಾದ ಭುಜ

ಲೇ ಕದಿರಪ್ಪ,

ನೀನು ಸತ್ತು ವರ್ಷವಾಯಿತು, ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಮಾಲೂರಿನಲ್ಲಿ ಹಳೇ ಪೈಲ್ವಾನರನ್ನು ಕರೆಸಿ ಹುಡುಗರ ಜೊತೆ ಎರಡೆರಡು ನಿಮಿಷ ಕುಸ್ತಿ ಆಡಿಸಿದರು. ನನಗೆ ಜೋಡಿಯಾದವನಿಗೆ ಇಪ್ಪತ್ತೈದೂ ಇರಲಾರದು. ಕೈಗೆ ಮಣ್ಣು ಕೊಡುತ್ತಾ, "ಗಾಬರಿ ಬೀಳ್ಬೇಡಿ ತಾತ, ನಾನೇ ಬಿದ್ಬಿಡ್ತೀನಿ" ಅಂದ. "ಬಿದ್ರೆ ಒದೀತೀನಿ ಕಣೋ" ಅಂದೆ. ಹಿಡಿದ ಕೂಡಲೇ ಅವನ ಭುಜ ಸಡಿಲವಾಯಿತು, ಅಂಗಾತ ಬಿದ್ದ. ಜನ ಶಿಳ್ಳೆ ಹೊಡೆದರು.

ಮುಳಬಾಗಿಲಿನಲ್ಲಿ, ನನಗೆ ಹೆಣ್ಣು ಕೊಡಲು ಬಂದವರ ಎದುರಿಗೇ ನಿನ್ನನ್ನು ಚಿತ್ ಮಾಡಿದೆನಲ್ಲ, ಅವತ್ತು ನಿನ್ನ ಭುಜವೂ ಹೀಗೇ ಸಡಿಲವಾಗಿತ್ತು. ಬೆವರಿಗೆ ಜಾರಿತು ಅಂದುಕೊಂಡಿದ್ದೆ.

ಬಂದಾಗಿನಿಂದ ಹಜಾರದಲ್ಲೇ ಸುತ್ತುತ್ತಿದ್ದೇನೆ. ಆ ಹೆಣ್ಣು, ನನ್ನ ಹೆಂಡತಿ, ಉಪ್ಪು ಮೆಣಸಿನಕಾಯಿ ಹಿಡಿದು, "ಗೆದ್ದು ಬಂದಿದ್ದೀರ, ಕೂತ್ಕೊಳ್ಳಿ, ದೃಷ್ಟಿ ತೆಗೀತೀನಿ" ಅಂತ ಕರೆಯುತ್ತಿದ್ದಾಳೆ. ಹೇಗೆ ಕೂರಲಿ, ನೀನೇ ಹೇಳು.