ಬಡಿಸಿದ್ದು ಅನ್ನ ಮಾತ್ರ

ನಗರದ ಪೊಲೀಸ್ ದೂರು ಮಂಡಳಿಯ ಅಧ್ಯಕ್ಷರಿಗೆ,

ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಸರಿಸಲು ತಡಮಾಡಿದಳೆಂದು ನನ್ನ ಸೊಸೆ ನಾರ್ಮಿಂಡಾಳ ಕೆನ್ನೆಗೆ ಹೊಡೆದ ಪೇದೆ ಕಬಾಹುಗ್‌ನ ಮೇಲಿನ ದೂರನ್ನು 'ರಾಜಿಯಾಗಿದೆ' ಎಂದು ಮುಚ್ಚಿದ್ದೀರಂತೆ. ಅವನು ನಮ್ಮ ಮನೆಯಲ್ಲಿ ಉಂಡನಂತೆ, ಅದೇ ಕಾರಣವಂತೆ!

ಉಂಡದ್ದು ನಿಜ. ನಿಮ್ಮ ಗುಮಾಸ್ತರೇ ಅವನನ್ನು ಮಧ್ಯಾಹ್ನ ಕರೆತಂದರು. ಊಟದ ಹೊತ್ತಿಗೆ ಬಾಗಿಲಿಗೆ ಬಂದವರನ್ನು "ಬನ್ನಿ, ಉಣ್ಣೋಣ" ಎನ್ನದ ಮನೆ ನಮ್ಮ ಬಿಸಾಯ ಜನರಲ್ಲಿಲ್ಲ. ಮೀನಿನ ಹುಳಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, "ಅನ್ನ ಹಾಕಿದ್ಮೇಲೆ ಇನ್ನೇನಜ್ಜಿ ಜಗಳ?" ಎಂದು ಹಲ್ಲು ಕಿರಿದ. "ಉಂಡಾಯ್ತಲ್ಲ, ಎದ್ದು ಕೈ ತೊಳ್ಕೊ" ಎಂದೆ.

ನಾನು ಬಡಿಸಿದ್ದು ಅನ್ನ, ಕ್ಷಮೆಯಲ್ಲ. ಕ್ಷಮಿಸುವ ಹಕ್ಕೂ ನನ್ನದಲ್ಲ. ನಾರ್ಮಿಂಡಾ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅವಳನ್ನು ಯಾರೂ ಒಂದು ಮಾತು ಕೇಳಲೂ ಇಲ್ಲ.

ದೂರನ್ನು ಮತ್ತೆ ತೆರೆಯಿರಿ. ವಿಚಾರಣೆಗೆ ನನ್ನನ್ನಲ್ಲ, ಅವಳನ್ನು ಕರೆಯಿರಿ.

ಉತ್ತರಕ್ಕೆ ಕಾದಿರುವ,
ರೆಮೆಡಿಯೋಸ್ ತಬಾನಾವ್