ಆ ಭಟ್ಟಿಯ ತಪ್ಪು

ಶೀನಣ್ಣಾ,

ನಾನು ಸುಮನಾ. ನೀವು ಹೋಗಿ ಎರಡು ವರ್ಷವಾಯಿತು. ಹೊಳೆಬದಿಯ ಕಾರ್ಖಾನೆ ಇನ್ನೂ ಇದೆ, ನಾನೂ ಇದ್ದೇನೆ. ದಣಿದಿದ್ದೇನೆ, ಅಷ್ಟೆ. ನಿಮಗೆ ಹೇಳಬೇಕಾದ ಎರಡು ಮಾತು ಉಳಿದಿವೆ.

ಅಪ್ಪಯ್ಯ ತೀರಿಕೊಂಡ ಮೇಲೆ ನಾನು ಮೊದಲ ಸಲ ಅವರ ಕುರ್ಚಿಯಲ್ಲಿ ಕೂತ ದಿನ ನೆನಪಿದೆಯಾ? ಅವರ ಹಂಚಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಭಟ್ಟಿಯ ಬೆಂಕಿ ಕಾದವರು ನೀವು. ನಾನು ಎಂಬಿಎ ಮುಗಿಸಿ ಬಂದವಳು. ಗೋಡೆಗೆ ಚಾರ್ಟ್ ಅಂಟಿಸುತ್ತಿದ್ದೆ. ನೀವು ಬಾಗಿಲಲ್ಲೇ ನಿಂತು, "ಮಗಾ, ಮೊದ್ಲ್ ಒಂದ್ ತಿಂಗ್ಳ್ ಸುಮ್ನೆ ಕಾಣ್. ಆಮೇಲ್ ಹೇಳ್" ಅಂದಿರಿ. ನಾನು ಎರಡು ದಿನ ಕಂಡೆ. ಮೂರನೇ ದಿನದಿಂದ ಹೇಳತೊಡಗಿದೆ.

ಬೆಂಕಿಯ ಬಿಸಿ ಅಳೆಯುವ ಮೀಟರು ತಂದಿದ್ದು ಆ ಬೇಸಿಗೆಯಲ್ಲಿ. ತ್ರಾಸಿಯ ಒಂದು ಮನೆಯವರು ಹಳೆ ಸೂರು ಬಿಚ್ಚಿ ನಮ್ಮ ಹಂಚಿಗೆ ಕಾಯುತ್ತಿದ್ದರು, ಮಳೆ ಹತ್ತಿರವಿತ್ತು. ನೀವು ಒಂದು ಹಸಿ ಹಂಚನ್ನು ಕೈಯಲ್ಲಿ ಮುರಿದು ನೋಡಿ, "ಈ ಸಲದ್ ಮಣ್ಣ್ ಬಿಜೂರ್ ಗದ್ದೆದ್. ಬೆಂಕಿ ನಿಧಾನ ಏರ್ಸ್ಕ್" ಅಂದಿರಿ. ಎಲ್ಲರೂ ಕೇಳುವಂತೆ ನಾನು ಏನಂದೆ? "ಅಂದಾಜಿನ ಕೆಲಸ ಇನ್ನು ಸಾಕು ಶೀನಣ್ಣ, ಮೀಟರು ನೋಡಿ." ನೀವು ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡಿರಿ. ಮೀಟರು ತೋರಿಸಿದಂತೆ ಬೆಂಕಿ ಬೇಗ ಏರಿಸಿದಿರಿ.

ಭಟ್ಟಿ ತೆರೆದ ಬೆಳಿಗ್ಗೆ ಮುಕ್ಕಾಲು ಪಾಲು ಹಂಚು ಸೀಳಿತ್ತು. ಕೆಲಸದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ನೀವು, "ನಂದೇ ತಪ್ಪಾಯ್ತ್. ವಯಸ್ಸಾಯ್ತಲ್ದಾ, ಬೆಂಕಿ ಬಣ್ಣ ಗೊತ್ತಾಯ್ಲಿಲ್ಲ" ಅಂದುಬಿಟ್ಟಿರಿ. ಆ ದಿನವೇ ಬಸ್ಸು ಹತ್ತಿ ತ್ರಾಸಿಗೆ ಹೋಗಿ, ಆ ಮನೆಯವರ ಎದುರೂ ಅದನ್ನೇ ಹೇಳಿ ಬಂದಿರಿ. ಅವರು ಆ ಮಳೆಗಾಲವನ್ನು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕಳೆದರು.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ನೀವು ಹೇಳಿದ್ದಿಷ್ಟು: "ನಿಮ್ಮ ಮೇಲ್ ನಂಬ್ಕೆ ಹೋರೆ ಕಾರ್ಖಾನೆ ಬಾಗ್ಲ್ ಹಾಕುದೇ. ಈ ಮುದ್ಕನ ಮೇಲ್ ಹೋರೆ ಎಂತ ಆತ್?" ಅದುವರೆಗೆ ನನ್ನನ್ನು 'ನೀವು' ಅಂದವರಲ್ಲ. ಅಂದಿನಿಂದ ಹಾಗೇ ಕರೆದಿರಿ. ಅದು ಮರ್ಯಾದೆಯೋ, ಇಲ್ಲ...

ಒಂದು ದಿನ ಎಲ್ಲರೆದುರು ಸರಿಪಡಿಸಬೇಕು ಅಂದುಕೊಂಡೇ ಇದ್ದೆ. ಮುಂದಿನ ಶನಿವಾರದ ಮೀಟಿಂಗಿನಲ್ಲಿ, ಅದರ ಮುಂದಿನದರಲ್ಲಿ. ಆಷಾಢದಲ್ಲಿ ನಿಮಗೆ ಜ್ವರ ಎದೆಗಿಳಿದಾಗ ನಾನು ಊರಲ್ಲಿರಲಿಲ್ಲ. ಬರುವಷ್ಟರಲ್ಲಿ ನಿಮ್ಮ ಅಂಗಳದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು.

ಮೊದಲ ಮಾತು ಇದು: ಹೋದ ವರ್ಷ ನಿಜ ಹೇಳಿದೆ. ಹಂಚಿಗೆ ಅಚ್ಚು ಹಾಕುವ ಹುಡುಗನೊಬ್ಬ "ಶೀನಣ್ಣ ಕಡೆಕಡೆಗೆ ಭಟ್ಟಿ ಹಾಳ್ ಮಾಡ್ರ್" ಎಂದು ನಗುತ್ತಾ ಅಂದ. ನನಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತವರ ಎದುರೇ, "ಅದು ನನ್ನ ತಪ್ಪು. ಅವರು ಬೇಡ ಅಂದಿದ್ದರು. ನಾನು ಕೇಳಲಿಲ್ಲ" ಅಂದೆ. ಯಾರೂ ತುತ್ತು ಎತ್ತಲಿಲ್ಲ. ನಂಬಿಕೆ ಹೋಯಿತೇನೋ ಎಂದುಕೊಂಡೆ.

ಮರುದಿನ ಉಪ್ಪುಂದದ ಗಿರಿಜಕ್ಕ, ಹದಿನೆಂಟು ವರ್ಷದಿಂದ ಹಸಿ ಹಂಚು ಹೊರುತ್ತಿರುವವರು, ಆಫೀಸಿನ ಬಾಗಿಲಿಗೆ ಬಂದರು. "ಹ್ವಾಯ್, ಒಂದ್ ಹೇಳುದಾ? ಬೈಬೇಡಿ. ಉಳ್ದ ಮಣ್ಣಂಗೆ ಮನಿಗೆ ಒಂದ್ ಜಾಲಿ ಮಾಡ್ಕಂಡಿದ್ದೆ." ಅವರ ಮನೆಗೆ ಹೋಗಿ ನೋಡಿದೆ. ಒಲೆಯ ಮೇಲಿನ ಗೋಡೆಯಲ್ಲಿ ಮೀನಿನ ಹುರುಪೆಯಂಥ ಕಿಂಡಿಗಳ ಮಣ್ಣಿನ ಜಾಲಿ. ಹೊಗೆ ಹೊರಗೆ ಹೋಗುತ್ತದೆ, ಎರಚಲು ಒಳಗೆ ಬರುವುದಿಲ್ಲ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದೆ.

"ಯಾರ್ ಕೇಂಡಿರ್?" ಅಂದರು.

ನಾನು ಓದಿದ್ದ ಪುಸ್ತಕಗಳಲ್ಲಿ ಹೊಸತನದ ಬಗ್ಗೆ ಎಷ್ಟೊಂದು ಅಧ್ಯಾಯಗಳಿದ್ದವು, ಶೀನಣ್ಣ. ಅದು ನಮ್ಮ ಗಿರಿಜಕ್ಕನ ಅಡುಗೆಮನೆಯಲ್ಲಿ ಮಸಿ ಹಿಡಿದು ಕೂತಿತ್ತು. ನಾನು ತಪ್ಪೊಪ್ಪಿಕೊಳ್ಳದೆ ಅವರು ಬಾಯಿ ಬಿಡುತ್ತಿದ್ದರಾ? ಅಂಥದ್ದನ್ನೇ ಕಾರ್ಖಾನೆಯಲ್ಲಿ ಮಾಡಿ ಸುಟ್ಟೆವು. ಮೊದಲ ಮೂರು ಸಲ ಜಾಲಿ ಭಟ್ಟಿಯಲ್ಲೇ ಒಡೆಯಿತು. ನಾಲ್ಕನೆಯ ಸಲ ಬೆಂಕಿ ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳಿದರು. ನಾನು ಬರೆದುಕೊಂಡೆ. ಈಗ ಬ್ರಹ್ಮಾವರದ ಕಡೆ ಕಟ್ಟುವ ಮನೆಗಳಿಗೆ ನಮ್ಮ ಜಾಲಿ ಹೋಗುತ್ತಿದೆ.

ಎರಡನೆಯದನ್ನು ಹೇಳಲು ಕಷ್ಟ. ಹೊಸ ಮನೆಗೆ ಹಂಚು ಹೊದೆಸುವವರು ಈಗ ಇಲ್ಲ. ರಿಪೇರಿಗೆ ಕೇಳುವವರಷ್ಟೇ ಉಳಿದಿದ್ದಾರೆ. ಮೊನ್ನೆ ಎಲ್ಲರನ್ನೂ ಕೂರಿಸಿ ಕೇಳಿದೆ, ಈ ಸಲ ಪೂರ್ತಿ ಕೇಳಿದೆ. ಮುಂದಿನ ತಿಂಗಳಿಂದ ನಮ್ಮಲ್ಲಿ ಹಂಚು ಸುಡುವುದಿಲ್ಲ, ಶೀನಣ್ಣ. ಇರುವ ಇಪ್ಪತ್ತೆರಡು ಜನರೂ ಜಾಲಿಯ ಕೆಲಸಕ್ಕೆ ಬರುತ್ತಾರೆ, ಒಬ್ಬರನ್ನೂ ಮನೆಗೆ ಕಳಿಸುತ್ತಿಲ್ಲ.

ಕೊನೆಯ ಭಟ್ಟಿಯ ಹಂಚು ತ್ರಾಸಿಯ ಆ ಮನೆಗೆ. ದನದ ಕೊಟ್ಟಿಗೆಗೆ ಬೇಕಂತೆ. ನಾನೇ ಹೋಗಿ ಇಳಿಸಿ, ಅಂದು ತಪ್ಪಿದ್ದು ಯಾರೆಂದು ಅವರಿಗೂ ಹೇಳಿ ಬರುತ್ತೇನೆ.

ನಿಮ್ಮ,
ಸುಮನಾ