ಇಲ್ಲದ ಪಾಳಿಯ ಸೈರನ್

ಲೇಡೀಸ್ ಹಾಸ್ಟೆಲ್, ಶಿವಮೊಗ್ಗ
ಶುಕ್ರವಾರ, ೧೨ ಡಿಸೆಂಬರ್ ೨೦೨೫

ಪ್ರೀತಿಯ ಅಜ್ಜಾ,

ಮೊದಲು ತಪ್ಪಾಯಿತು ಅಂತ ಹೇಳಿಬಿಡುತ್ತೇನೆ. ಹೀಗೆ ಕಾಗದ ಬರೆಯುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ದೊಡ್ಡವರ ವಿಷಯದಲ್ಲಿ ಫಸ್ಟ್ ಇಯರ್ ಹುಡುಗಿ ಬಾಯಿ ಹಾಕಬಾರದು ಅಂತ ಅಪ್ಪ ಆಗಲೇ ಒಮ್ಮೆ ಗದರಿಸಿದ್ದಾರೆ. ಆದರೆ ಸಿಟ್ಟು ಮಾಡಿಕೊಂಡು ಹರಿಹರಕ್ಕೆ ಅತ್ತೆಯ ಮನೆಗೆ ಹೋದಮೇಲೆ ನೀವು ಫೋನ್ ಎತ್ತುತ್ತಿಲ್ಲ. ತನುಜಾ ಅತ್ತೆಗೆ ಮಾಡಿದರೆ "ಅಜ್ಜ ಮಲಗಿದಾರೆ ಕಣೇ" ಅನ್ನುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ನೀವು ಮಲಗುವವರೇ? ಅದಕ್ಕೇ ಈ ಕಾಗದ. ಇದು ಕೈಗೆ ಬಂದಮೇಲೆ ಮಲಗಿದ್ದೇನೆ ಅನ್ನಲು ಬರುವುದಿಲ್ಲವಲ್ಲ.

ಮಂಡಿನೋವು ಹೇಗಿದೆ? ಬಿಪಿ ಮಾತ್ರೆ ತಗೊಂಡು ಹೋಗಿದ್ದೀರಾ, ಇಲ್ಲಾ ಸಿಟ್ಟಿನಲ್ಲಿ ಅದನ್ನೂ ಬಿಟ್ಟುಹೋದಿರಾ? ಮಂಕಿ ಕ್ಯಾಪು ಮನೆಯಲ್ಲೇ ಉಳಿದಿದೆ, ಅಜ್ಜಿ ಅದನ್ನು ಒಗೆದು ಒಣಗಿಸಿ ನಿಮ್ಮ ದಿಂಬಿನ ಮೇಲೆ ಇಟ್ಟಿದ್ದಾರೆ. ಅವರ ಆರೋಗ್ಯ ಪರವಾಗಿಲ್ಲ, ಊಟದಿಂದ ಮಾತ್ರ ಅರ್ಧಕ್ಕೇ ಏಳುತ್ತಾರೆ. ನನಗೆ ಇಂಟರ್ನಲ್ಸ್ ನಡೆಯುತ್ತಿದೆ. ಟೆನ್ಷನ್ ಇದೆ, ಆದರೆ ಅದು ನನಗೆ ಯಾವಾಗಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳ ಕನ್ನಡ ಇದು, ಮಧ್ಯೆ ಮಧ್ಯೆ ಇಂಗ್ಲಿಷ್ ನುಗ್ಗಿಬರುತ್ತದೆ. ಪೆನ್ನು ಹಿಡಿದು ತಿದ್ದುತ್ತಾ ಓದಬೇಡಿ ಅಜ್ಜಾ, ಸುಮ್ಮನೆ ಓದಿ.

ಆ ಬೆಳಿಗ್ಗೆ ನಾನು ನ್ಯೂ ಟೌನಿನ ಮನೆಯಲ್ಲಿರಲಿಲ್ಲ. ನಡೆದದ್ದನ್ನೆಲ್ಲ ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ಇನ್ನೂ ಬೆಳಕು ಹರಿಯುವ ಮೊದಲೇ, ಮುಚ್ಚಿಹೋದ ಕಾರ್ಖಾನೆಯ ಸೈರನ್ ಕೂಗಿತಂತೆ, ಮೊದಲೆಲ್ಲ ಬೆಳಗಿನ ಪಾಳಿಗೆ ಕೂಗುತ್ತಿದ್ದ ಹಾಗೆಯೇ, ಅಷ್ಟೇ ಉದ್ದಕ್ಕೆ. ನೀವು ಎದ್ದು ಕೂತು "ಶುರುವಾಯ್ತು ಕಣೇ ಜಗದಾಂಬಾ" ಅಂದಿರಂತೆ. ಮತ್ತೆ ಕೆಲಸ ಶುರುವಾಗುತ್ತದೆ ಅಂತ ಎಷ್ಟು ದಿನದಿಂದ ಊರಲ್ಲಿ ಮಾತಿತ್ತು! ನೀವು ರಿಟೈರ್ ಆದವರು, ನಿಮ್ಮನ್ನು ಯಾಕೆ ಕರೆಯುತ್ತಾರೆ ಅಂತ ಅಜ್ಜಿ ಕೇಳಲೇ ಇಲ್ಲ. "ನನ್ನ ಕೈ ತಾನೇ ಡಬ್ಬಿ ಕಟ್ತು ನೋಡು, ರಾತ್ರಿ ಉಳಿದ ರೊಟ್ಟಿನೇ ಇಟ್ಟು ಕಳಿಸ್ದೆ" ಅಂತ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಹೊಸ ಹುಡುಗರಿಗೆ ಮಿಷನ್ ಗೊತ್ತಿರುವುದಿಲ್ಲ, ನಾಲ್ಕು ದಿನ ಹಳಬರು ಬೇಕೇ ಬೇಕು ಅಂತ ಹೇಳಿ ನೀವು ಖಾಕಿ ಅಂಗಿ ಹಾಕಿಕೊಂಡು ಸೈಕಲ್ ಹತ್ತಿದಿರಂತೆ. ರಸ್ತೆಯಲ್ಲಿ ಇನ್ನೂ ಮೂರು ನಾಲ್ಕು ಮನೆಯವರು ಹೊರಗೆ ಬಂದಿದ್ದರಂತೆ, ಯಾರೋ ಕೈ ಕೂಡ ಮುಗಿದರಂತೆ. ಗೇಟಿನಲ್ಲಿ ವಾಚ್‌ಮನ್ "ಯಾವ ಶಿಫ್ಟು ಯಜಮಾನ್ರೇ? ಮನೆಗೆ ಹೋಗಿ, ಚಳಿ ಐತೆ" ಅಂದನಂತೆ. ವಾಪಸ್ಸು ಬರುವಾಗ ವಾಟರ್ ಟ್ಯಾಂಕಿನ ಕೆಳಗೆ ಫಕ್ರುದ್ದೀನ್ ತಾತನ ಮೊಮ್ಮಗ ಅಫ್ನಾನ್ ಆ ಸೈರನ್ ಕೂಗಿಸಿದ ದೊಡ್ಡ ಬ್ಲೂಟೂತ್ ಸ್ಪೀಕರ್ ಹಿಡಿದು ನಿಂತಿದ್ದನ್ನು ನೀವೇ ನೋಡಿದಿರಿ. ಮನೆಗೆ ಬರದೆ, ಡಬ್ಬಿ ಸಮೇತ ಸೀದಾ ಸ್ಟೇಷನ್ನಿಗೆ ಹೋಗಿ ಅವನ ಹೆಸರು ಬರೆಸಿ ಬಂದಿರಿ.

ಅವತ್ತು ಮಧ್ಯಾಹ್ನ ಇಲ್ಲಿ ಮೆಸ್ಸಿನಲ್ಲಿ ಒಬ್ಬಳ ಫೋನಿನಲ್ಲಿ ಆ ವಿಡಿಯೋ ಓಡುತ್ತಿತ್ತು. "ಡ್ಯೂಟಿಗೆ ಬನ್ನಿ ಸರ್" ಅಂತ ಮೇಲೆ ಬರೆದಿತ್ತು. ಸೈಕಲ್ಲಿನ ಹ್ಯಾಂಡಲ್ಲಿಗೆ ಡಬ್ಬಿ ತೂಗುಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದವರು ನೀವು. ಒಂದು ಮೂಲೆಯಲ್ಲಿ ಅಫ್ನಾನ್ ಬಗ್ಗಿ ಬಗ್ಗಿ ನಗುತ್ತಿದ್ದ. "ಸೋ ಕ್ಯೂಟ್ ಅಲ್ವಾ ಈ ತಾತ" ಅಂದಳು ನನ್ನ ಪಕ್ಕದವಳು. ಕೈಯಲ್ಲಿದ್ದ ಚಪಾತಿ ತಟ್ಟೆಗೆ ಹಾಕಿ ಎದ್ದುಹೋದೆ. ಹುಡುಗರು ಅವತ್ತೇ ಅದನ್ನು ಡಿಲೀಟ್ ಮಾಡಿದರಂತೆ, ಆದರೆ ಅಷ್ಟರಲ್ಲಿ ಅದು ಊರೂರು ಸುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಅಫ್ನಾನ್‌ಗೆ ಸೋಗಾನೆ ಏರ್‌ಪೋರ್ಟಿನಲ್ಲಿ ಲಗೇಜ್ ಕೆಲಸ ಸಿಕ್ಕಿದೆ, ಹದಿನೆಂಟು ತುಂಬಲಿ ಅಂತ ಕಾಯುತ್ತಿದ್ದ. ಹೊಸ ವರ್ಷಕ್ಕೆ ಸೇರಬೇಕು. ಪೊಲೀಸ್ ವೆರಿಫಿಕೇಶನ್ ಇಲ್ಲದೆ ಅಲ್ಲಿ ಒಳಗೇ ಬಿಡುವುದಿಲ್ಲ. ಕೇಸ್ ಅಂತ ಆದರೆ ಆ ಕೆಲಸ ಹೋಗುತ್ತದೆ, ಮುಂದೆ ಯಾವ ಕೆಲಸಕ್ಕೂ ಇದೇ ಪ್ರಶ್ನೆ ಬರುತ್ತದೆ. ಇನ್ಸ್‌ಪೆಕ್ಟರ್ ಇನ್ನೂ ಎಫ್‌ಐಆರ್ ಮಾಡಿಲ್ಲ. "ಹಿರಿಯರು ಬಂದು ಕೇಸ್ ಬೇಕು ಅಂದ್ರೆ ಹಾಕ್ತೀವಿ, ಬೇಡ ಅಂದ್ರೆ ಬುದ್ಧಿ ಹೇಳಿ ಕಳಿಸ್ತೀವಿ" ಅಂತ ಅಪ್ಪನಿಗೆ ಹೇಳಿದ್ದಾರೆ. ವಿಡಿಯೋ ಹಿಡಿದವರು ಯಾರು ಅಂತ ಅಫ್ನಾನ್‌ನನ್ನು ತಿರುಗಿಸಿ ತಿರುಗಿಸಿ ಕೇಳಿದರಂತೆ. "ಎಲ್ಲಾ ನಾನೇ ಮಾಡಿದ್ದು ಸರ್" ಅನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲ. ಒಟ್ಟಿನಲ್ಲಿ ಎಲ್ಲವೂ ನಿಮ್ಮ ಮಾತಿನ ಮೇಲೆ ನಿಂತಿದೆ, ನೀವು ಹರಿಹರದಲ್ಲಿ ಕೂತಿದ್ದೀರಿ.

ಹೋದ ಭಾನುವಾರ ನಾನು ಮನೆಯಲ್ಲಿದ್ದಾಗ ಫಕ್ರುದ್ದೀನ್ ತಾತ ಬಂದರು. ಇಷ್ಟು ವರ್ಷ ನಿಮ್ಮ ಜೊತೆ ಒಂದೇ ಪಾಳಿಯಲ್ಲಿ ದುಡಿದವರು, ನಮ್ಮ ಅಡುಗೆಮನೆಯವರೆಗೂ ಬರುತ್ತಿದ್ದವರು, ಅವತ್ತು ಗೇಟಿನ ಹೊರಗೇ ನಿಂತರು. ಅಜ್ಜಿ ಎಷ್ಟು ಕರೆದರೂ ಒಳಗೆ ಬರಲಿಲ್ಲ. "ಕಂಪ್ಲೇಂಟ್ ವಾಪಸ್ ತಗೊಳ್ಳಿ ಅಂತ ಹೇಳಕ್ಕೆ ಬಂದಿಲ್ಲ ಅಕ್ಕಾ, ಅದು ಅಣ್ಣನ ಹಕ್ಕು. ಹೆಂಗಿದಾರೆ ಅಂತ ಕೇಳಕ್ಕೆ ಬಂದೆ" ಅಂದರು. ಹೊರಟವರು ಮತ್ತೆ ತಿರುಗಿ ಬಂದು ಹೇಳಿದರು: "ಆ ಸೈರನ್‌ಗೆ ನಾನೂ ಎದ್ದೆ ಅಕ್ಕಾ. ರೋಶನ್ ಬೀಗೆ ಚಾಯ್ ಇಡು ಅಂದು ಮಂಚದ ಕೆಳಗೆ ಶೂ ಹುಡುಕ್ದೆ. ನನ್ನ ಮೊಮ್ಮಗನೇ ಎಬ್ಬಿಸಿದ್ದು ಅಂತ ಆಮೇಲೆ ಗೊತ್ತಾಯ್ತು. ನಾನು ಯಾವ ಸ್ಟೇಷನ್‌ಗೆ ಹೋಗ್ಲಿ?" ಅವರ ಹಿಂದೆ ಸ್ವಲ್ಪ ದೂರದಲ್ಲಿ ಅಫ್ನಾನ್ ಗಾಡಿ ನಿಲ್ಲಿಸಿಕೊಂಡು ತಲೆ ತಗ್ಗಿಸಿದ್ದ. ನಾನೇ ಹತ್ತಿರ ಹೋಗಿ "ಏನಂತ ಮಾಡಿದ್ಯೋ ಮಾರಾಯ?" ಅಂದೆ. "ಎಲ್ರೂ ಖುಷಿಯಾಗ್ತಾರೆ ಅಂದ್ಕೊಂಡಿದ್ದೆ ಅಕ್ಕಾ. ನಮ್ಮ ತಾತ ದಿನಾ ಆ ಸೈರನ್ ಬಗ್ಗೆನೇ ಹೇಳೋರು. ನಿಮ್ಮಜ್ಜ ಸೈಕಲ್ ಹತ್ತಿ ಗೇಟಿಗೇ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ" ಅಂದ.

ಕಾಲೇಜಿನಲ್ಲಿ ಎಲ್ಲರೂ ಇದನ್ನು ಹಾರ್ಮ್‌ಲೆಸ್ ಪ್ರ್ಯಾಂಕ್ ಅನ್ನುತ್ತಾರೆ. ಯಾರ ಕೈಕಾಲು ಮುರಿಯಲಿಲ್ಲ, ಯಾರ ವಸ್ತುವೂ ಹೋಗಲಿಲ್ಲ, ಇದಕ್ಕೆಲ್ಲಾ ಪೊಲೀಸಾ ಅಂತ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಡಬ್ಬಿ ತೂಗುಹಾಕಿಕೊಂಡು ವಾಪಸ್ಸು ಬಂದ ದಾರಿ ಎಷ್ಟು ಉದ್ದ ಇತ್ತು ಅಂತ ಅವರಿಗೇನು ಗೊತ್ತು? ಹಾಗಂತ ಎಲ್ಲ ತಮಾಷೆಯನ್ನೂ ಪೊಲೀಸರಿಂದ ದೂರ ಇಡಿ ಅಂತಲೂ ನಾನು ಹೇಳುವುದಿಲ್ಲ. ತ್ಯಾವರೆಕೊಪ್ಪದ ಕಡೆಯ ನನ್ನ ಕ್ಲಾಸ್‌ಮೇಟ್ ಒಬ್ಬಳ ಊರಿನಲ್ಲಿ ಸಫಾರಿಯಿಂದ ಹುಲಿ ತಪ್ಪಿಸಿಕೊಂಡಿದೆ ಅಂತ ಯಾರೋ ಸುಳ್ಳು ವಾಯ್ಸ್ ಮೆಸೇಜ್ ಬಿಟ್ಟು, ಒಬ್ಬ ಬಸುರಿ ಓಡಲು ಹೋಗಿ ಬಿದ್ದಳಂತೆ. ಅಂಥದ್ದಕ್ಕೆ ಪೊಲೀಸರು ಬರಲೇಬೇಕು. ಆದರೆ ಅಜ್ಜಾ, ನಿಮ್ಮ ವಿಷಯದಲ್ಲಿ ಸ್ಟೇಷನ್ನಿನವರು ಏನು ಕೇಳುತ್ತಾರೆ? ಶಬ್ದ ಎಷ್ಟಿತ್ತು, ಎಷ್ಟು ಹೊತ್ತಿಗೆ, ಸ್ಪೀಕರ್ ಯಾರದ್ದು. ಗೇಟಿನ ಮುಂದೆ ನಿಂತಾಗ ನಿಮಗೆ ಏನನ್ನಿಸಿತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಆ ಹುಡುಗರು ನಿಮ್ಮ ಎದುರು ಕೂತು ಕೇಳಿಸಿಕೊಳ್ಳಬೇಕಾದದ್ದು ಅದೊಂದೇ. ಕೇಸ್ ಹಾಕಿದರೆ ಅವರು ಲಾಯರ್ ಹೇಳಿದ್ದನ್ನು ಕೇಳುತ್ತಾರೆ, ನಿಮ್ಮದನ್ನಲ್ಲ. ನೀವು ಕ್ಷಮಿಸಿ ಅಂತ ನಾನು ಕೇಳುತ್ತಿಲ್ಲ. ಬೈಯಿರಿ, ಬೇಕಾದರೆ ಕೆನ್ನೆಗೆ ಎರಡು ಬಿಡಿ, ವರ್ಷಗಟ್ಟಲೆ ಮಾತು ಬಿಡಿ. ಅದನ್ನೆಲ್ಲ ನೀವೇ ಮಾಡಿ, ಠಾಣೆಗೆ ಒಪ್ಪಿಸಬೇಡಿ. ಇದು ಚಿಕ್ಕವಳ ತಲೆಹರಟೆ ಅನ್ನಿಸಿದರೆ ನನಗೂ ಬೈಯಿರಿ.

ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳಿ. ಸಂಜೆ ಹೊಳೆ ಕಡೆ ವಾಕ್ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ನಿಮ್ಮ ಆಶೀರ್ವಾದ ಇದ್ದರೆ ಇಂಟರ್ನಲ್ಸ್ ಹೇಗೋ ದಾಟುತ್ತೇನೆ.

ನಿಮ್ಮ ಪಾದಗಳಿಗೆ ನಮಸ್ಕರಿಸುತ್ತಾ,
ನಿಮ್ಮ ಮೊಮ್ಮಗಳು
ಶೀತಲ್

ತಾ.ಕ.: ಕವರ್ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಆಗುವುದಿಲ್ಲ. ಆ ವಿಡಿಯೋ ಹಿಡಿದವನು ನಮ್ಮ ಮಲ್ಲಿಕ್, ನನ್ನ ಒಡಹುಟ್ಟಿದ ತಮ್ಮನೇ. ಅದರ ಮೇಲಿದ್ದ "ಡ್ಯೂಟಿಗೆ ಬನ್ನಿ ಸರ್" ಅನ್ನುವ ಸಾಲು ಕೂಡ ಅವನದೇ. ಫಕ್ರುದ್ದೀನ್ ತಾತ ಹೋದಮೇಲೆ ಅವನು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದ, ಆಮೇಲೆ ಎಲ್ಲ ಹೇಳಿದ. ಅಪ್ಪನಿಗೂ ಗೊತ್ತು, "ಅವ್ನ ಹೆಸರು ಹೊರಗೆ ಬಂದಿಲ್ವಲ್ಲ, ಸುಮ್ನಿರು" ಅಂದರು. ನೀವು ಮೊಮ್ಮಗನ ಮುಖ ನೋಡಿ ಅಫ್ನಾನ್‌ನನ್ನು ಬಿಟ್ಟುಬಿಡಬಾರದು, ಅಫ್ನಾನ್‌ನ ಮುಖ ನೋಡಿಯೇ ಬಿಡಬೇಕು ಅಂತ ಇದನ್ನು ಮೇಲೆ ಬರೆಯಲಿಲ್ಲ. ಮಲ್ಲಿಕ್ ಇಪ್ಪತ್ತೆರಡನೇ ತಾರೀಕು ಸೋಮವಾರ ಸ್ಟೇಷನ್ನಿಗೆ ಹೋಗಿ ತನ್ನ ಹೆಸರನ್ನೂ ಬರೆಸುತ್ತಾನಂತೆ, ಅಪ್ಪ ತಡೆದರೂ ನಾನು ಜೊತೆಗೆ ಹೋಗುತ್ತೇನೆ. ಅದಕ್ಕೂ ಮೊದಲು ಭಾನುವಾರ ಇಬ್ಬರೂ ಹುಡುಗರನ್ನು ಹರಿಹರಕ್ಕೆ ಕರೆದುಕೊಂಡು ಬರಲೇ? ಬಾ ಅನ್ನಿ, ಬೇಡ ಅನ್ನಿ, ಆದರೆ ಬೇಗ ಉತ್ತರ ಕೊಡಿ ಅಜ್ಜಾ.